ಸರಿ ಇದೆ ಎಂದವರು ಮೊದಲು ಕೈ ಇಡಲಿ

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ. ಶಿವಮೊಗ್ಗದಲ್ಲಿ ನಾನು ವಕೀಲಿ ವೃತ್ತಿಗೆ ಇಳಿದು ಆಗ ಮೂರು ದಶಕ ತುಂಬುತ್ತಿತ್ತು. ಅದರಲ್ಲಿ ಕೊನೆಯ ಹದಿನೈದು ವರ್ಷ ನಾನು ನಡೆಸಿದ್ದು ಹೆಚ್ಚುಕಡಿಮೆ ಗ್ರಾಹಕರ ಕೇಸುಗಳನ್ನೇ. ತಣ್ಣಗಾಗದ ಫ್ರಿಜ್ಜು, ಗೆರೆ ಮೂಡಿದ ಟಿ.ವಿ., ಮೂರು ಸಲ ರಿಪೇರಿಯಾದರೂ ಸೋರುವ ಗೀಸರ್ ಹೊತ್ತವರು ದುರ್ಗಿಗುಡಿಯ ನನ್ನ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದರು. ಬಾರ್ ಅಸೋಸಿಯೇಷನ್ನಿನಲ್ಲಿ ನನಗೆ ‘ಮಿಕ್ಸಿ ಲಾಯರು’ ಎಂಬ ಬಿರುದಿತ್ತು. ಕಾಲೇಜಿನಿಂದ ಸಹಪಾಠಿಯಾದ ಪ್ರಭಾಕರ ಚಹಾ ಕುಡಿಯುವಾಗೆಲ್ಲ ರೇಗಿಸುತ್ತಿದ್ದ: “ನಿನ್ನ ಕೇಸಲ್ಲಿ ಒಂದು ತೊಟ್ಟು ರಕ್ತ ಇಲ್ವಲ್ಲೇ ಮಾರಾಯ್ತಿ. ಬರೀ ಬಿಲ್ಲು, ಬರೀ ವಾರಂಟಿ ಕಾರ್ಡು.” ಅವನು ಕಂಪನಿಗಳ ಪರ ನಿಲ್ಲುವ ವಕೀಲ. ನಾನು ನಗುತ್ತಿದ್ದೆ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಭದ್ರಾವತಿಯಿಂದ ಆರ್ಮುಗಂ ಎಂಬವರು ಬಂದರು. ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ಅವರ ತಾತ ಸೇಲಂ ಕಡೆಯಿಂದ ಕೆಲಸ ಹುಡುಕಿ ಬಂದು ಭದ್ರಾವತಿಯಲ್ಲೇ ನೆಲೆ ನಿಂತವರಂತೆ. ಬಂದವರೇ ಕೈಮುಗಿದು, “ಲಾಯರಮ್ಮ, ನನ್ನ ಮಗ ಕುಮಾರನಿಗೆ ಬೇಲ್ ಕೊಡಿಸ್ಬೇಕು. ಸವಳಂಗ ರಸ್ತೆಯ ಅಂಗಡಿಗೆ ನುಗ್ಗಿ ಒಬ್ಬನ ತಲೆ ಒಡೆದಿದ್ದಾನೆ,” ಎಂದರು.

ಕ್ರಿಮಿನಲ್ ಕೇಸು ನಾನು ಹಿಡಿಯುವುದಿಲ್ಲ. ಹಾಗೆಂದು ಹೇಳುವಷ್ಟರಲ್ಲಿ ಅವರ ಹಿಂದೆ ಬಾಗಿಲ ಬಳಿ ನಿಂತಿದ್ದ ಹುಡುಗಿ ಕಾಣಿಸಿದಳು. ಚೂಡಿದಾರದ ಬಲತೋಳನ್ನು ಮಡಚಿ ಭುಜದ ಹತ್ತಿರ ಪಿನ್ನು ಹಾಕಿದ್ದಳು. ತೋಳಿನೊಳಗೆ ಏನೂ ಇರಲಿಲ್ಲ.

“ಇವಳು ಸೆಲ್ವಿ, ನನ್ನ ಮಗಳು. ಇವಳ ಕೈಗೋಸ್ಕರನೇ ಅವನು ಹೊಡೆದದ್ದು,” ಎಂದರು ಆರ್ಮುಗಂ.

ಆವತ್ತು ಅವರಿಬ್ಬರು ಹೇಳಿದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಸೆಲ್ವಿ ಮದುವಣಗಿತ್ತಿಯರ ರವಿಕೆಗೆ ಆರಿ ವರ್ಕ್ ಮಾಡುವವಳು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟು ಕೊಕ್ಕೆಯ ಸೂಜಿಯಿಂದ ಮಣಿ, ಜರಿ ಕೂರಿಸುವ ಕೆಲಸ. ಹೊಳೆಹೊನ್ನೂರಿನಿಂದ, ಶಿವಮೊಗ್ಗದಿಂದ ಹುಡುಗಿಯರು ಮದುವೆಗೆ ಮೂರು ತಿಂಗಳು ಮೊದಲೇ ಬಂದು ಅವಳಿಗೆ ಬಟ್ಟೆ ಕೊಟ್ಟು ಹೋಗುತ್ತಿದ್ದರು. ಮನೆಯಲ್ಲಿದ್ದದ್ದು ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್. ಅದರಲ್ಲಿ ಎರಡು ತೊಟ್ಟಿಗಳು. ಒಂದು ಒಗೆಯಲು, ಇನ್ನೊಂದು ಬಟ್ಟೆಯನ್ನು ಗಿರ್ರೆಂದು ತಿರುಗಿಸಿ ನೀರು ಹಿಂಡಲು. ಹಿಂಡುವ ತೊಟ್ಟಿಯ ಮುಚ್ಚಳ ಎತ್ತಿದೊಡನೆ ಒಳಗಿನ ಒಂದು ಸ್ವಿಚ್ ಕರೆಂಟನ್ನು ತಪ್ಪಿಸುತ್ತದೆ, ಬ್ರೇಕು ತೊಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ. ಮುಚ್ಚಳ ತೆರೆದಿರುವವರೆಗೆ ತೊಟ್ಟಿ ಅಲ್ಲಾಡಬಾರದು. ಈ ಒಂದು ವ್ಯವಸ್ಥೆಯನ್ನು ನಂಬಿಯೇ ಹೆಂಗಸರು ಅದರೊಳಗೆ ಕೈ ಹಾಕುವುದು.

ಎರಡು ವರ್ಷದ ವಾರಂಟಿ ಮುಗಿದ ವಾರದಲ್ಲೇ ಆ ತೊಟ್ಟಿ ನಿಲ್ಲಲು ತಡ ಮಾಡತೊಡಗಿತು. ಸೆಲ್ವಿ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನು ಮಾಡಿದಳು. “ನಿಮ್ಮ ವಾರಂಟಿ ಮುಗಿದಿದೆ ಮೇಡಂ. ಟೆಕ್ನೀಷಿಯನ್ ಬರಬೇಕಾದರೆ ಚಾರ್ಜ್ ಆಗುತ್ತೆ, ಕಂಪ್ಲೇಂಟ್ ಬುಕ್ ಮಾಡಲಾ?” ಎಂದರು. ಬಳಸಬೇಡಿ, ಅಪಾಯ ಇದೆ ಎಂದು ಯಾರೂ ಹೇಳಲಿಲ್ಲ. ಅಪ್ಪನ ಪಿಂಚಣಿ ಬಂದ ಮೇಲೆ ಬುಕ್ ಮಾಡೋಣ ಎಂದು ಅವಳು ಫೋನಿಟ್ಟಳು.

ಎರಡು ವಾರ ಕಳೆದಿರಬಹುದು. ಮಧ್ಯಾಹ್ನ ಬೆಡ್‌ಶೀಟು ಹಿಂಡಲು ಹಾಕಿದ್ದಳು. ಮುಚ್ಚಳ ಎತ್ತಿದಳು. ತೊಟ್ಟಿ ಪೂರ್ತಿ ನಿಲ್ಲುವವರೆಗೆ ಕಾದಳು. ನಿಂತ ಮೇಲೆ ಬಗ್ಗಿ ಬೆಡ್‌ಶೀಟಿನ ತುದಿ ಹಿಡಿದೆಳೆದಳು. ಎಳೆಯುವಾಗ ಸೊಂಟ ಮೆಷಿನ್ನಿಗೆ ತಗುಲಿತು. ಆಗ ತೊಟ್ಟಿ ಮತ್ತೆ ತಿರುಗಿತು. ಒದ್ದೆ ಬಟ್ಟೆ ಹಗ್ಗವಾಗಿ ಅವಳ ತೋಳನ್ನು ಸುತ್ತಿ ಒಳಗೆ ಎಳೆದುಕೊಂಡಿತು. ಮೊದಲು ಮಣಿಕಟ್ಟು ಮುರಿಯಿತು, ಆಮೇಲೆ ಮೊಣಕೈ. ತೊಟ್ಟಿಯ ಅಂಚಿಗೆ ಅವಳ ಮುಖ ಬಡಿದು ಎರಡು ಹಲ್ಲು ಹೋದವು. ವೆಲ್ಡಿಂಗ್ ಶಾಪಿನಿಂದ ಊಟಕ್ಕೆ ಬಂದಿದ್ದ ತಮ್ಮ ಕುಮಾರ ಓಡಿ ಬಂದು ಪ್ಲಗ್ಗು ಕೀಳುವಷ್ಟರಲ್ಲಿ ತೋಳಿನ ಚರ್ಮ, ಮಾಂಸ ಮೂಳೆಯನ್ನು ಬಿಟ್ಟಿದ್ದವು. ಬೆಡ್‌ಶೀಟನ್ನು ಕತ್ತರಿಯಿಂದ ಕತ್ತರಿಸಿ ಅಕ್ಕನನ್ನು ಬಿಡಿಸಿದವನು ಅವನೇ. ಭದ್ರಾವತಿಯಿಂದ ಮಲವಗೊಪ್ಪ ದಾಟಿ ಶಿವಮೊಗ್ಗದ ಆಸ್ಪತ್ರೆ ಮುಟ್ಟುವವರೆಗೆ ಆಂಬುಲೆನ್ಸಿನಲ್ಲಿ ಆ ತೋಳನ್ನು ಟವೆಲಿನಲ್ಲಿ ಸುತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನೂ ಅವನೇ. ಮೊಣಕೈ ಮೇಲಿನಿಂದ ಕೈ ತೆಗೆಯದೆ ಡಾಕ್ಟರಿಗೆ ಬೇರೆ ದಾರಿ ಇರಲಿಲ್ಲ.

ಸೆಲ್ವಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕುಮಾರ ಮೆಷಿನ್ ಕೊಂಡ ಅಂಗಡಿಗೆ ಹೋದ. ಅಲ್ಲಿದ್ದ ಸೇಲ್ಸ್‌ಮನ್ ವಿಷಯ ತಿಳಿಯದೆ ಬಿಲ್ಲು ನೋಡಿ, “ಇದು ವಾರಂಟಿ ಮುಗಿದಿದೆಯಲ್ಲ ಸಾರ್, ನಾವೇನೂ ಮಾಡಕ್ಕಾಗಲ್ಲ,” ಎಂದ. ಕುಮಾರ ಹೊರಗೆ ಬೈಕಿನಲ್ಲಿದ್ದ ಕಬ್ಬಿಣದ ರಾಡು ತಂದು ಸಾಲಾಗಿ ನಿಲ್ಲಿಸಿದ್ದ ಮೆಷಿನ್ನುಗಳನ್ನೆಲ್ಲ ಜಜ್ಜಿದ. ತಡೆಯಲು ಬಂದ ಸೇಲ್ಸ್‌ಮನ್ನಿನ ತಲೆಗೂ ಬೀಸಿದ. ಆ ಯುವಕನ ಒಂದು ಕಿವಿ ಇವತ್ತಿಗೂ ಕೇಳಿಸುವುದಿಲ್ಲ.

ಇದನ್ನು ಕೇಳಿದಾಗ ನನಗೆ ಕುಮಾರನ ಮೇಲೆ ಕೆಂಡದಂಥ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ! ಸಂಬಳಕ್ಕೆ ನಿಂತು ಟಿ.ವಿ. ಮಾರುವವನ ಕಿವಿ ಹೋದರೆ ಮೆಷಿನ್ ಮಾಡಿದವನ ಒಂದು ಕೂದಲೂ ಕೊಂಕುವುದಿಲ್ಲ. ಆರ್ಮುಗಂಗೆ ಹಾಗೆಯೇ ಹೇಳಿದೆ. ಅವರು ತಲೆ ತಗ್ಗಿಸಿದರು. ಬೇಲ್‌ಗೆ ಬೇರೆ ವಕೀಲರನ್ನು ಗೊತ್ತುಮಾಡಿ ಕೊಟ್ಟು, ಸೆಲ್ವಿಯ ಕೇಸನ್ನು ನಾನು ಹಿಡಿದೆ.

“ಏನು ಬೇಕಮ್ಮ ನಿನಗೆ?” ಎಂದು ಅವಳನ್ನೇ ಕೇಳಿದೆ. ಎಲ್ಲ ಕಕ್ಷಿದಾರರನ್ನೂ ನಾನು ಮೊದಲು ಕೇಳುವ ಪ್ರಶ್ನೆ ಅದು.

“ನಮ್ಮಮ್ಮನೇ ಹೇಳ್ತಾಳೆ ಮೇಡಂ, ಕೆಟ್ಟಿದೆ ಅಂತ ಗೊತ್ತಿದ್ದೂ ಯಾಕೆ ಕೈ ಹಾಕಿದೆ ಅಂತ. ಬೀದಿಯವರೂ ಅದನ್ನೇ ಕೇಳೋದು. ನಾನು ಕಾದೆ ಮೇಡಂ. ಅದು ನಿಂತ ಮೇಲೇ ಕೈ ಹಾಕಿದ್ದು. ತಪ್ಪು ನಂದಲ್ಲ ಅಂತ ಯಾರಾದ್ರೂ ದೊಡ್ಡವರು ಹೇಳ್ಬೇಕು. ಅಷ್ಟೇ.”

ಓದುಗರಿಗೆ ಇಲ್ಲಿ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಾರಂಟಿ ಎಂದರೆ ಇಂತಿಷ್ಟು ಕಾಲ ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆಂದು ಕಂಪನಿ ಕೊಡುವ ಮಾತು. ಆ ಕಾಲ ಮುಗಿದರೆ ಪುಕ್ಕಟೆ ರಿಪೇರಿ ಮುಗಿಯುತ್ತದೆ, ಕಂಪನಿಯ ಹೊಣೆ ಮುಗಿಯುವುದಿಲ್ಲ. ತಯಾರಿಸುವಾಗಲೇ ಒಳಗೆ ದೋಷವಿದ್ದು ಅದು ಆಮೇಲೆ ಬಯಲಾದರೆ ವಾರಂಟಿ ಕಾರ್ಡು ಅಡ್ಡಬರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಅಧ್ಯಾಯವನ್ನೇ ಸೇರಿಸಿದ್ದಾರೆ. ವಸ್ತುವಿನ ದೋಷದಿಂದ ಮನುಷ್ಯನಿಗೆ ಗಾಯವಾದರೆ ತಯಾರಿಸಿದವನು ಪರಿಹಾರ ಕೊಡಬೇಕು. ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆದರೆ ದೋಷವಿತ್ತು ಎಂಬುದನ್ನು ದೂರು ಕೊಟ್ಟವರೇ ತೋರಿಸಿಕೊಡಬೇಕು. ಅದಕ್ಕೆ ಕೆಟ್ಟ ವಸ್ತು ಕೆಟ್ಟ ಸ್ಥಿತಿಯಲ್ಲೇ ಉಳಿದಿರಬೇಕು.

ಹಾಗಾಗಿ ನಾನು ಮುಂದೆ ಕೇಳಿದ್ದು, “ಮೆಷಿನ್ ಎಲ್ಲಿದೆ? ಯಾರೂ ಮುಟ್ಟಿಲ್ಲ ತಾನೆ?”

ಆರ್ಮುಗಂ, “ಮುಟ್ಟಿಲ್ಲಮ್ಮ. ಬೂದುಗುಂಬಳಕಾಯಿ ಒಡೆದು ಶೆಡ್ಡಲ್ಲಿ ಇಟ್ಟಿದ್ದೀನಿ,” ಎಂದರು.

ಕುಂಬಳಕಾಯಿಯ ರಸ ಒಳಗೆ ಇಳಿದಿದ್ದರೆ ಸಾಕ್ಷ್ಯವೇ ಹೋಯಿತು ಎಂದು ಹೆದರಿದೆ. ಅವರ ಫೌಂಡ್ರಿಯಲ್ಲಿ ಯಂತ್ರವೊಂದು ಆಳನ್ನು ಬಲಿ ತೆಗೆದುಕೊಂಡರೆ, ಕೈಯೋ ಕಾಲೋ ತಿಂದರೆ, ಅದರ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯದೆ ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲವಂತೆ. ಆರ್ಮುಗಂ ಮನೆಯ ವಾಷಿಂಗ್ ಮೆಷಿನ್ನಿಗೂ ಅದೇ ಶಾಂತಿ ಮಾಡಿದ್ದರು. ನಾನು ಭದ್ರಾವತಿಗೆ ಹೋಗಿ ಗೋಣಿಚೀಲ ಸರಿಸಿ ನೋಡಿದರೆ ಮೆಷಿನ್ನಿನ ತುಂಬ ಕುಂಕುಮದ ನೀರು ಹರಿದ ಗುರುತು, ಮೂರು ಪಟ್ಟೆ ವಿಭೂತಿ, ಅಂಚಿನಲ್ಲಿ ಒಣಗಿದ ಕುಂಬಳದ ಬೀಜ. ಕೆಳಗೆ ಇನ್ನೊಂದು ಬಣ್ಣದ ಕಲೆ ಇತ್ತು. ಅದು ಕುಂಕುಮವಲ್ಲ. ಸಾಕ್ಷ್ಯಕ್ಕೇ ಪೂಜೆ ಮಾಡಿದ ಕಕ್ಷಿದಾರರನ್ನು ನಾನು ಕಂಡದ್ದು ಅದೇ ಮೊದಲು.

ಹೆದರಿದ್ದೇ ಆಯಿತು. ಕಂಪನಿಯ ಪರವಾಗಿ ನಿಂತವನು ಪ್ರಭಾಕರ. ಅವನು ಹಾಕಿದ ತಕರಾರು ಹೀಗಿತ್ತು: ಯಂತ್ರದ ವಾರಂಟಿ ಮುಗಿದಿದೆ. ಮುಚ್ಚಳ ತೆರೆದಾಗ ಆ ಯಂತ್ರ ತಿರುಗುವುದು ಸಾಧ್ಯವೇ ಇಲ್ಲ. ಒಂದು ವೇಳೆ ಈಗ ದೋಷ ಕಂಡರೂ ಅದು ಕುಂಕುಮ, ಕುಂಬಳಕಾಯಿಯ ರಸ ಸ್ವಿಚ್ಚಿನೊಳಗೆ ಇಳಿದು ಆದದ್ದು. ಅಲ್ಲದೆ ಯಂತ್ರ ಸರಿಯಾಗಿ ನಿಲ್ಲುತ್ತಿಲ್ಲವೆಂದು ದೂರುದಾರಳೇ ಫೋನು ಮಾಡಿದ್ದಾಳೆ, ಆದ್ದರಿಂದ ಅಪಾಯ ತಿಳಿದೂ ಕೈ ಹಾಕಿದ್ದು ಅವಳದೇ ನಿರ್ಲಕ್ಷ್ಯ. ಇದಕ್ಕೆ ಬೆಂಬಲವಾಗಿ ಹರೀಶ್ ಎಂಬ ಸರ್ವಿಸ್ ಎಂಜಿನಿಯರನ ಅಫಿಡವಿಟ್ಟು, ಅಂದರೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ, ಇತ್ತು.

ಯಂತ್ರ ಸುರಕ್ಷಿತ ಎಂದೂ ಹೇಳಬೇಕು, ಅದರ ಅಪಾಯ ಅವಳಿಗೆ ಗೊತ್ತಿತ್ತು ಎಂದೂ ಹೇಳಬೇಕು! ಎರಡು ದೋಣಿಯ ಮೇಲೆ ಕಾಲಿಟ್ಟು ನಿಲ್ಲುವುದು ವಕೀಲರಿಗೆ ಅಭ್ಯಾಸವೇ. ಆದರೆ ಆ ನಾಲ್ಕನೆಯ ಮಾತನ್ನು ಸೆಲ್ವಿಗೆ ಕನ್ನಡದಲ್ಲಿ ಓದಿ ಹೇಳಿದಾಗ ಅವಳು ಎದ್ದು ಗೋಡೆಗೆ ಹಣೆ ಚಚ್ಚಿಕೊಂಡಳು. ನಾನು, ನನ್ನ ಗುಮಾಸ್ತೆ ಇಬ್ಬರೂ ಸೇರಿ ಹಿಡಿಯಬೇಕಾಯಿತು. ಹಣೆ ಒಡೆದು ರಕ್ತ ಮೂಗಿನವರೆಗೆ ಇಳಿದಿತ್ತು. ಅವತ್ತು ಸಂಜೆ ಪ್ರಭಾಕರನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. “ನಂದು ಬರೀ ಕೆಲಸ ಮಾರಾಯ್ತಿ, ಬಿಡು,” ಎಂದ. ಬಿಡಲಿಲ್ಲ. ಆದರೆ ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಸಿಟ್ಟು ಇನ್ನಷ್ಟು ಹೆಚ್ಚಲು ಅದೂ ಒಂದು ಕಾರಣ.

ಆಯೋಗದ ಅಧ್ಯಕ್ಷರು ಎರಡೂ ಕಡೆಯವರ ಮಾತು ಕೇಳಿ, ಯಂತ್ರವನ್ನು ಇರುವಲ್ಲೇ ಪರೀಕ್ಷಿಸಿ ವರದಿ ಕೊಡಲು ಒಬ್ಬ ತಜ್ಞರನ್ನು ನೇಮಿಸಿದರು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದ ಭಟ್ಟರು ಎಂಬ ಹಿರಿಯರು. ಕುಮಾರ ಅಷ್ಟರಲ್ಲಿ ಬೇಲ್ ಮೇಲೆ ಹೊರಗೆ ಬಂದಿದ್ದ. ಪರೀಕ್ಷೆಯ ದಿನ ಮನೆಯಲ್ಲಿರಕೂಡದು, ಇನ್ನೊಂದು ಹೊಡೆದಾಟವಾದರೆ ಬೇಲೂ ಹೋಗುತ್ತದೆ, ಅಕ್ಕನ ಕೇಸೂ ಹೋಗುತ್ತದೆ ಎಂದು ಅವನಿಗೆ ಬಿಡಿಸಿ ಹೇಳಿದ್ದೆ. ತಲೆ ಆಡಿಸಿದ್ದ.

ಹೋಗಿ ನೋಡಿದರೆ ಶೆಡ್ಡಿನ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದಾನೆ. ಹೊರಗೆ ಕಳಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಭಟ್ಟರ, ಪ್ರಭಾಕರನ, ಹರೀಶನ ಕಾರು ಬಂದೇಬಿಟ್ಟಿತು.

ಹರೀಶ್ ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಕಂಪನಿಯ ಅಂಗಿ ಹಾಕಿದ್ದ. ಭಟ್ಟರು ಮೆಷಿನ್ನಿಗೆ ಕರೆಂಟು ಕೊಡಿಸಿ, ತೊಟ್ಟಿಗೆ ಒದ್ದೆ ಬಟ್ಟೆ ಹಾಕಿ, ಮುಚ್ಚಳ ಮುಚ್ಚಿ ಟೈಮರ್ ತಿರುಗಿಸಿದರು. ತೊಟ್ಟಿ ಓಡಿತು. ಮುಚ್ಚಳ ಎತ್ತಿದರು. ಸ್ವಲ್ಪ ತಡವಾಗಿ ನಿಂತಿತು. ಮತ್ತೊಮ್ಮೆ ಮಾಡಿದರು. ಮತ್ತೆ ನಿಂತಿತು. ಮೂರನೆಯ ಸಲವೂ ಹಾಗೆಯೇ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೆಲ್ವಿಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

“ನೋಡಿದ್ರಲ್ಲ ಸಾರ್,” ಎಂದ ಹರೀಶ್, ಭಟ್ಟರಿಗೆ. “ಮುಚ್ಚಳ ತೆಗೆದ್ರೆ ಇದು ತಿರುಗಲ್ಲ. ಮೆಷಿನ್ ಸರಿ ಇದೆ.”

ಆಗ ಆರ್ಮುಗಂ ಮುಂದೆ ಬಂದರು. ದನಿ ಏರಿಸಲಿಲ್ಲ.

“ಸಾರ್, ನಮ್ಮ ಫೌಂಡ್ರೀಲಿ ಒಂದು ಪದ್ಧತಿ. ಕೈ ತಿಂದ ಮೆಷಿನ್ನ ಯಾರು ಸರಿ ಇದೆ ಅಂತಾರೋ ಅವ್ರೇ ಮೊದ್ಲು ಅದಕ್ಕೆ ಕೈ ಇಡ್ಬೇಕು. ಎಷ್ಟೇ ದೊಡ್ಡ ಎಂಜಿನಿಯರ್ ಆಗ್ಲಿ. ಅವ್ರು ಇಟ್ಟ ಮೇಲೇ ನಾವು ಇಡೋದು. ಈಗ ನಿಂತಿದೆ, ಮುಚ್ಚಳ ತೆಗೆದಿದೆ. ಒಳಗಿನ ಬಟ್ಟೆ ನೀವು ತೆಗೀರಿ.”

ಹರೀಶ್ ನಕ್ಕ. ಒಂದು ಹೆಜ್ಜೆ ಮುಂದಿಟ್ಟ. ತೊಟ್ಟಿಯನ್ನು ನೋಡಿದ. ಟೈಮರ್ ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು. ಎತ್ತಿದ ಬಲಗೈಯನ್ನು ಅಲ್ಲೇ ನಿಲ್ಲಿಸಿ, ಹಿಂದಕ್ಕೆ ತೆಗೆದುಕೊಂಡು, “ಅದೆಲ್ಲ ಪ್ರೊಸೀಜರಲ್ಲಿ ಇಲ್ಲ,” ಎಂದು ಹಿಂದೆ ಸರಿದ. ಅವನ ಮುಖ ಬಿಳಿಚಿಕೊಂಡಿದ್ದನ್ನು ನಾನೂ ಕಂಡೆ, ಭಟ್ಟರೂ ಕಂಡರು.

ಮರುಕ್ಷಣ ಕುಮಾರ ಅವನ ಮೇಲೆ ಬಿದ್ದ. ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದ. ಹರೀಶನ ತುಟಿ ಸೀಳಿ ಅಂಗಿಯ ಮೇಲೆಲ್ಲ ರಕ್ತ ಚಿಮ್ಮಿತು. ಬಿಡಿಸಲು ಹೋದ ಪ್ರಭಾಕರನಿಗೆ ಮೊಣಕೈಯಿಂದ ಒಂದು ತಿವಿತ, ಅವನು ಸೌದೆಯ ರಾಶಿಯ ಮೇಲೆ ಉರುಳಿದ. ಕುಮಾರ ಎರಡೂ ಕೈಯಲ್ಲಿ ಹರೀಶನ ಬಲ ಮಣಿಕಟ್ಟು ಹಿಡಿದು ಮೆಷಿನ್ನಿನ ಕಡೆ ದರದರ ಎಳೆದುಕೊಂಡು ಹೋದ. “ಹಾಕೋ ಕೈ! ಸರಿ ಇದೆ ಅಂತೀಯಲ್ಲ, ಹಾಕು!” ಹರೀಶ್ ಕಾಲು ಝಾಡಿಸುತ್ತ ಕಿರುಚುತ್ತಿದ್ದ. ಇಬ್ಬರೂ ಸೇರಿ ಮೆಷಿನ್ನಿಗೆ ಢಿಕ್ಕಿ ಹೊಡೆದರು.

ತೊಟ್ಟಿ ಗಿರ್ರೆಂದು ತಿರುಗತೊಡಗಿತು. ಮುಚ್ಚಳ ತೆರೆದೇ ಇತ್ತು.

ಹರೀಶನ ಬೆರಳುಗಳು ತಿರುಗುವ ತೊಟ್ಟಿಯಿಂದ ಒಂದು ಗೇಣು ಮೇಲಿದ್ದವು. ಒದ್ದೆ ಬಟ್ಟೆಯ ತುದಿ ಎದ್ದು ಅವುಗಳಿಗೆ ಪಟಪಟ ಬಡಿಯುತ್ತಿತ್ತು. ಕುಮಾರನ ತೋಳಿನ ನರಗಳು ಉಬ್ಬಿದ್ದವು. ಅವನು ಬಿಡುವುದಿಲ್ಲ ಎಂದೇ ನನಗೆ ಅನ್ನಿಸಿತು. ಸತ್ಯ ಹೇಳುತ್ತೇನೆ, ನಾನು ಕಲ್ಲಿನಂತೆ ನಿಂತುಬಿಟ್ಟಿದ್ದೆ.

ಸೆಲ್ವಿ ಓಡಿ ಬಂದು ಇದ್ದ ಒಂದು ಕೈಯಿಂದ ತಮ್ಮನ ಜುಟ್ಟು ಹಿಡಿದು ಹಿಂದಕ್ಕೆ ಜಗ್ಗಿದಳು. “ಬಿಡೋ! ಆ ನೋವು ನಿನಗೆ ಗೊತ್ತಿಲ್ಲ, ಬಿಡೋ!” ಎಂದು ಕಿರುಚಿದಳು. ಕುಮಾರ ಕೈ ಬಿಟ್ಟ. ಬಿಟ್ಟು ನೆಲಕ್ಕೆ ಕೂತು ಎರಡೂ ಅಂಗೈಯಿಂದ ತಲೆ ಬಡಿದುಕೊಳ್ಳತೊಡಗಿದ. ಆರ್ಮುಗಂ ಹೋಗಿ ಪ್ಲಗ್ಗು ಕಿತ್ತರು.

ಆಮೇಲೆ ಅಲ್ಲೇ, ರಕ್ತ ಒರೆಸಿಕೊಳ್ಳುತ್ತಲೇ ಜಗಳ ಶುರುವಾಯಿತು. ನೂಕಿದ್ದರಿಂದ ಯಂತ್ರ ಕೆಟ್ಟಿತು ಎಂದು ಪ್ರಭಾಕರ, ನೂಕಿದರೆ ತಿರುಗುವ ಯಂತ್ರದೊಳಗೆ ಹೆಂಗಸರು ಕೈ ಹಾಕಬೇಕೇ ಎಂದು ನಾನು. ಭಟ್ಟರು ಇಬ್ಬರನ್ನೂ ಸುಮ್ಮನಿರಿಸಿ, ಸ್ವಿಚ್ಚನ್ನು ಎಲ್ಲರ ಎದುರಿಗೇ ಬಿಚ್ಚಿ ಅರಗಿನ ಮುದ್ರೆ ಹಾಕಿಸಿ ಲ್ಯಾಬಿಗೆ ಕಳಿಸಿದರು. ಹರೀಶ್ ಪೊಲೀಸರಿಗೆ ದೂರು ಕೊಡುತ್ತಾನೆ, ಕುಮಾರನ ಬೇಲ್ ರದ್ದಾಗುತ್ತದೆ ಎಂದು ನಾವೆಲ್ಲ ಕಾದೆವು. ಅವನು ದೂರು ಕೊಡಲಿಲ್ಲ. ಕಂಪನಿ ಒತ್ತಾಯ ಮಾಡಿದರೂ ಕೊಡಲಿಲ್ಲವೆಂದು ಪ್ರಭಾಕರನೇ ಆಮೇಲೆ ಹೇಳಿದ. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಲ್ಯಾಬಿನ ವರದಿ ಬಂತು. ಸ್ವಿಚ್ಚಿನ ಒಳಗಿನ ಸ್ಪ್ರಿಂಗ್ ತಗಡು ತೆಳುವಾಗಿ ಸೋತು, ಸಣ್ಣ ಅಲುಗಾಟಕ್ಕೂ ಕರೆಂಟು ಸೇರಿಕೊಳ್ಳುವಂತಿತ್ತು. ತಗಡಿನ ದಪ್ಪವೇ ಇರಬೇಕಾದ್ದಕ್ಕಿಂತ ಕಡಿಮೆ. ಕುಂಕುಮ ಹೊರಗವಚದ ಮೇಲೆ ಮಾತ್ರ ಇತ್ತು, ಒಳಗೆ ಒಂದು ಕಣವೂ ಇಳಿದಿರಲಿಲ್ಲ. ಕುಂಬಳಕಾಯಿಯ ಮೇಲಿದ್ದ ಅಪವಾದ ಅಲ್ಲಿಗೆ ಹೋಯಿತು. ಉಳಿದದ್ದು ಸೆಲ್ವಿಯ ಮೇಲಿನ ಅಪವಾದ.

ಗ್ರಾಹಕರ ಆಯೋಗದಲ್ಲಿ ಸಾಮಾನ್ಯವಾಗಿ ಸಾಕ್ಷಿಗಳನ್ನು ಕಟಕಟೆಗೆ ಕರೆಯುವುದಿಲ್ಲ, ಅಫಿಡವಿಟ್ಟಿನಲ್ಲೇ ಮುಗಿಯುತ್ತದೆ. ನಾನು ಅರ್ಜಿ ಹಾಕಿ ಹರೀಶನನ್ನು ಪಾಟೀ ಸವಾಲಿಗೆ ಕರೆಸಿದೆ. ಹೊಡೆದಾಟದ ಸುದ್ದಿಯನ್ನು ನಾನು ಎತ್ತುವುದಿಲ್ಲ ಎಂದುಕೊಂಡಿದ್ದ ಪ್ರಭಾಕರ ನನ್ನ ಮೊದಲ ಪ್ರಶ್ನೆಗೇ ತಲೆ ಎತ್ತಿದ.

“ಪರೀಕ್ಷೆಯ ದಿನ ಒಳಗಿನ ಬಟ್ಟೆ ತೆಗೆಯಿರಿ ಅಂತ ಆರ್ಮುಗಂ ಹೇಳಿದಾಗ ಯಂತ್ರ ನಿಂತಿತ್ತೋ, ತಿರುಗ್ತಿತ್ತೋ?”

“ನಿಂತಿತ್ತು.”

“ಅಷ್ಟು ಹೊತ್ತಿಗೆ ಕುಮಾರ್ ನಿಮ್ಮನ್ನ ಮುಟ್ಟಿದ್ರಾ?”

“ಇಲ್ಲ. ಅದು ಆಮೇಲೆ.”

“ಅಂದ್ರೆ ನಿಮಗೆ ಯಾರ ಭಯವೂ ಇರಲಿಲ್ಲ. ಮುಚ್ಚಳ ತೆಗೆದಾಗ ಯಂತ್ರ ತಿರುಗೋದು ಸಾಧ್ಯವೇ ಇಲ್ಲ ಅಂತ ನೀವೇ ಪ್ರಮಾಣ ಮಾಡಿದ್ದೀರಿ. ಮತ್ತೆ ಕೈ ಯಾಕೆ ಹಿಂದಕ್ಕೆ ತಗೊಂಡ್ರಿ?”

ಪ್ರಭಾಕರ ಎದ್ದು ಆಕ್ಷೇಪಿಸಿದ. ಅಧ್ಯಕ್ಷರು, “ಉತ್ತರ ಕೊಡಲಿ,” ಎಂದರು.

ಹರೀಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ತುಟಿಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಾಗಿತ್ತು. ಆಮೇಲೆ, “ಹೆದರಿಕೆ ಆಯ್ತು ಮೇಡಂ. ಈ ಸ್ವಿಚ್ ಇರೋ ಮೆಷಿನ್ ಮುಚ್ಚಳ ತೆಗೆದಿದ್ರೂ ತಿರುಗಿದ್ದನ್ನ ನಾನು ಬೇರೆ ಕಡೆ ನೋಡಿದ್ದೆ. ಮೇಲಿನವರಿಗೆ ಹೇಳಿದ್ದೆ,” ಎಂದ. “ಎಂಜಿನಿಯರ್ ಆಗಿ ನನಗೇ ಕೈ ಹಾಕಕ್ಕೆ ಧೈರ್ಯ ಬರಲಿಲ್ಲ.”

ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ಬರೆದುಕೊಂಡು ಬಂದದ್ದು ಇನ್ನೂ ಎರಡು ಹಾಳೆ ಇತ್ತು, ಮಡಚಿಟ್ಟೆ.

ಆದೇಶ ಸೆಲ್ವಿಯ ಪರವಾಗಿ ಬಂತು. ಪರಿಹಾರದ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದವರೆಲ್ಲ ಮೊದಲು ಅದನ್ನೇ ಕೇಳಿ, ಆಮೇಲೆ ಕೈಯ ಸುದ್ದಿ ಕೇಳುತ್ತಾರೆ, ಅದಕ್ಕೆ. ವಾರಂಟಿ ಮುಗಿಯಿತೆಂದು ಹೇಳಿದ ಕಂಪನಿ, ಬಳಸಬೇಡಿ ಎಂದು ಎಚ್ಚರಿಸುವ ಕೆಲಸವನ್ನೂ ಅದರ ಜೊತೆಗೇ ಮುಗಿಸಿಬಿಟ್ಟಿತೆಂದು ಅಧ್ಯಕ್ಷರು ಬರೆದಿದ್ದರು. ಯಂತ್ರ ನಿಂತ ಮೇಲೆ ಕೈ ಹಾಕಿದ್ದರಲ್ಲಿ ದೂರುದಾರಳ ತಪ್ಪೇನೂ ಇಲ್ಲ ಎಂಬ ಸಾಲನ್ನು ಅವರು ತೆರೆದ ಸಭಾಂಗಣದಲ್ಲಿ ಗಟ್ಟಿಯಾಗಿ ಓದಿದರು. ಸೆಲ್ವಿಯ ತಾಯಿ ಅಂದು ಬಂದಿದ್ದರು. ಓದಿದ್ದು ಕೇಳಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು.

ಸೇಲ್ಸ್‌ಮನ್ನಿನ ಕೇಸು ಕುಮಾರನ ಮೇಲೆ ಇನ್ನೂ ನಡೆಯುತ್ತಿದೆ. ಅದರಲ್ಲಿ ಅವನಿಗೆ ಶಿಕ್ಷೆಯಾಗುವುದೇ ಸರಿ ಎಂದು ನಾನು ಅವನ ಮುಖಕ್ಕೇ ಹೇಳಿದ್ದೇನೆ. ಆ ಶೆಡ್ಡಿನಲ್ಲಿ ಮೆಷಿನ್ ತಿರುಗಿದ್ದು ಅವನ ಹೊಡೆತದಿಂದಲೇ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಕೇಸು ನಿಂತದ್ದು ಅದರ ಮೇಲಲ್ಲ. ಅವನು ಕೈ ಎತ್ತುವ ಮೊದಲೇ ಹರೀಶ್ ಹಿಂದೆ ಸರಿದಿದ್ದ. ಭಟ್ಟರ ವರದಿಯಲ್ಲಿ ಅದೇ ಕ್ರಮದಲ್ಲಿ ಬರೆದಿತ್ತು. ಒಂದು ಕ್ಷಣ ಮೊದಲು ಕುಮಾರ ಕೈ ಮಾಡಿದ್ದರೆ ಹೆದರಿದ್ದು ಮೆಷಿನ್ನಿಗೋ ಮನುಷ್ಯನಿಗೋ ಎಂದು ಪ್ರಭಾಕರ ಕೇಳುತ್ತಿದ್ದ, ನಾವು ಮುಳುಗುತ್ತಿದ್ದೆವು.

ಆದೇಶದ ದಿನ ಹರೀಶ್ ಕೂಡ ಬಂದಿದ್ದ. ಕೆಲಸ ಬಿಟ್ಟಿದ್ದನೋ, ಅವರೇ ಬಿಡಿಸಿದ್ದರೋ, ಕಂಪನಿಯ ಅಂಗಿ ಮೈಮೇಲೆ ಇರಲಿಲ್ಲ. ನಾವು ಹೊರಗೆ ಬಂದಾಗ ಜಗಲಿಯಲ್ಲಿ ಕಾದಿದ್ದವನು ಸೆಲ್ವಿಯ ಮುಂದೆ ಬಂದು ಕೈಮುಗಿದ. ಕುಮಾರ ಮುನ್ನುಗ್ಗಿದ. ಸೆಲ್ವಿ ಅವನನ್ನು ಭುಜದಿಂದ ತಡೆದಳು.

“ತಪ್ಪು ನಿಮ್ದಲ್ಲಮ್ಮ,” ಎಂದ ಹರೀಶ್. ಅವನ ಕಣ್ಣು ತುಂಬಿತ್ತು, ನಟನೆಯಲ್ಲ. “ನನಗೆ ಮೊದಲೇ ಗೊತ್ತಿತ್ತು. ನಮ್ಮನೇಲೂ ಇದೇ ಮೆಷಿನ್ ಇತ್ತು. ಹೆಂಡ್ತಿ, ಸಣ್ಣ ಮಗು ಇರೋ ಮನೆ. ಹೋದ ವರ್ಷನೇ ತೆಗೆಸಿಬಿಟ್ಟೆ.”

ಸೆಲ್ವಿ ಎಡಗೈ ಬೀಸಿ ಅವನ ಕೆನ್ನೆಗೆ ಹೊಡೆದಳು. ಇಡೀ ಜಗಲಿ ತಿರುಗಿ ನೋಡುವಂಥ ಏಟು. ಅವನ ಕನ್ನಡಕ ಹಾರಿ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

“ಇದಕ್ಕೂ ಕೇಸ್ ಆಗುತ್ತಾ ಮೇಡಂ?” ಎಂದು ಸೆಲ್ವಿ ನನ್ನನ್ನು ಕೇಳಿದಳು.

“ಆಗುತ್ತೆ,” ಎಂದೆ. ಕಾನೂನು ಇರುವುದೇ ಹಾಗೆ.

“ಆಗ್ಲಿ,” ಎಂದು ಅವಳು ಮೆಟ್ಟಿಲಿಳಿದು ಹೋದಳು.

ಆ ಕೇಸಿನ ನಂತರ ನನ್ನ ಪಾಟೀ ಸವಾಲಿನ ಕ್ರಮ ಬದಲಾಯಿತು. ಗೀಸರ್ ಇರಲಿ, ಕುಕ್ಕರ್ ಇರಲಿ, ವಾರಂಟಿ ಮುಗಿದು ಎಷ್ಟು ದಿನವಾಯಿತೆಂಬ ಲೆಕ್ಕವನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕಂಪನಿಯ ಸಾಕ್ಷಿ ಬಂದು ನಿಂತೊಡನೆ ಮೊದಲು ಕೇಳುವುದು ಒಂದೇ ಮಾತು: “ಇದೇ ಮಾಡಲ್ ನಿಮ್ಮ ಮನೆಯಲ್ಲಿ ಇದೆಯೇ?” ಇದೆ ಎಂದವರು ಕೆಲವರಿದ್ದಾರೆ, ಅವರ ಮುಂದೆ ನಾನು ಕೇಸು ಸೋತದ್ದೂ ಉಂಟು. ಉಳಿದವರು ಉತ್ತರ ಕೊಡುವ ಮೊದಲು ತಮ್ಮ ವಕೀಲರ ಮುಖ ನೋಡುತ್ತಾರೆ.